ಕೀಲಿಕೈ ಕೊಟ್ಟರು, ತಿಳಿವಳಿಕೆ ಕೊಡಲಿಲ್ಲ

ಪುಣೆಯಿಂದ ದಿವೇಘಾಟನ್ನು ಹತ್ತಿ ಮುಂದೆ ಸಾಗಿದರೆ ಕರ್ಹಾ ನದಿಯ ದಂಡೆಯ ಮೇಲೆ ಸಾಸವಡ ಸಿಗುತ್ತದೆ. ನಮ್ಮ ವಾಚಕರಲ್ಲಿ ಬಹುಮಂದಿಗೆ ಈ ಊರು ಅಪರಿಚಿತವಲ್ಲ. ಜೇಜುರಿಯ ಖಂಡೋಬನನ್ನು ಮೈಲಾರನೆಂದೂ ಮಲ್ಲಯ್ಯನೆಂದೂ ಕರೆದು, ಹಣೆಗೆ ಭಂಡಾರ ಹಚ್ಚಿಕೊಂಡು ಬರುವ ನಮ್ಮ ಜನ ಪುಣೆಯಿಂದ ಹೋಗುವ ದಾರಿ ಇದೇ. ಆಳಂದಿಯಿಂದ ಪಂಢರಪುರಕ್ಕೆ ಹೊರಡುವ ಜ್ಞಾನೇಶ್ವರರ ಪಾಲಖಿ ತಂಗುವುದೂ ಇಲ್ಲಿಯೇ. ಅವರ ತಮ್ಮ ಸೋಪಾನದೇವರ ಸಮಾಧಿ ಇರುವುದೂ ಇಲ್ಲಿಯೇ. ಹಳೆಯ ವಾಡೆಗಳ, ಕಲ್ಲಿನ ಗುಡಿಗಳ, ಸೀತಾಫಲ ಮತ್ತು ಅಂಜೂರದ ತೋಟಗಳ ಈ ಊರಿನಲ್ಲಿ ಕಳೆದ ಕೆಲವು ವರ್ಷಗಳಿಂದ ಬೇರೊಂದು ಬೆಳೆ ಎದ್ದಿದೆ. ಪುಣೆ ಹಿಗ್ಗಿ ಹಿಗ್ಗಿ ಘಟ್ಟವನ್ನೇರಿ ಬಂದಿದೆ. ಪುರಂದರ ತಾಲೂಕಿನಲ್ಲಿ ವಿಮಾನ ನಿಲ್ದಾಣವಾಗುವುದೆಂಬ ಮಾತು 2016ರಲ್ಲಿ ಹೊರಟಂದಿನಿಂದ ಜಮೀನಿನ ಬೆಲೆಯೂ ಏರಿದೆ. ಹೊಲವಿದ್ದ ಕಡೆ ಮಹಡಿ ಮನೆಗಳು ಬಂದವು. ಮಹಡಿ ಬಂದಲ್ಲಿ ಲಿಫ್ಟು ಬಂದಿತು. ಲಿಫ್ಟು ಬಂದಲ್ಲಿ ನಮ್ಮ ಸಂಘದ ಮೆಕ್ಯಾನಿಕ್ ಬಂಧುಗಳಿಗೆ ಕೆಲಸವೂ ಬಂದಿತು. ಆ ಕೆಲಸದ ಜೊತೆಗೆ ಬಂದೊದಗಿದ ಒಂದು ಅಪಾಯದ ವಿಷಯವಾಗಿ ಈ ಸಂಚಿಕೆಯಲ್ಲಿ ನಾಲ್ಕು ಮಾತು ಬರೆಯದೆ ನಮಗೆ ನಿರ್ವಾಹವಿಲ್ಲ.

ನಮ್ಮ ಸದಸ್ಯರೊಬ್ಬರು, ವಿಜಯಪುರದ ಕಡೆಯ ತರುಣರು, ಹನ್ನೆರಡು ವರ್ಷಗಳಿಂದ ಲಿಫ್ಟಿನ ಕೆಲಸದಲ್ಲಿರುವವರು, ಈಚೆಗೆ ಒಂದು ಸಂಜೆ ಸಂಘದ ಕಚೇರಿಗೆ ಬಂದು ನಡೆದುದನ್ನು ಹೇಳಿದರು. ಅವರು ಹೇಳಿದಂತೆಯೇ ಇಲ್ಲಿ ಕೊಡುತ್ತಿದ್ದೇವೆ. ಯಾರ ಹೆಸರನ್ನೂ ಹಾಕಿಲ್ಲ. ಏಕೆಂದರೆ ಇದು ಒಂದು ಕಟ್ಟಡದ ಕತೆಯಲ್ಲ.

ಸಾಸವಡದ ಏಳು ಮಹಡಿಯ ಒಂದು ಸೊಸಾಯಿಟಿಯಲ್ಲಿ ಲಿಫ್ಟಿನ ಗುಂಡಿಯೊಳಗೆ ನೀರು ಇಳಿದಿತ್ತು. ಜೊತೆಗೆ ಬಂದಿದ್ದ ಹೆಲ್ಪರನನ್ನು ಕಂಪನಿಯವರು ಫೋನು ಮಾಡಿ ಇನ್ನೊಂದು ಕಟ್ಟಡಕ್ಕೆ ಕಳುಹಿಸಿಬಿಟ್ಟಿದ್ದರು. ನಮ್ಮ ಸದಸ್ಯರು ಒಬ್ಬರೇ ಲಿಫ್ಟನ್ನು ಮೇಲಿನ ಮಹಡಿಗೆ ನಿಲ್ಲಿಸಿ, ಹಿಂಬದಿಯ ಮೀಟರು ಕೋಣೆಗೆ ಹೋಗಿ ಮೇನ್ ಸ್ವಿಚ್ಚು ತೆಗೆದರು. ಕಂಪನಿ ಕೊಟ್ಟ ಹಲಗೆಯನ್ನು ಅದಕ್ಕೆ ತೂಗುಹಾಕಿದರು. ಕೆಳಗಿನ ಬಾಗಿಲಿಗೆ ಅಡ್ಡಪಟ್ಟಿ ಕಟ್ಟಿ ಗುಂಡಿಗೆ ಇಳಿದರು. ಇಳಿದೊಡನೆ ಗೋಡೆಯಲ್ಲಿರುವ ಕೆಂಪು ಸ್ಟಾಪ್ ಸ್ವಿಚ್ಚನ್ನು ಒತ್ತಿದರು. ಹೊಸದಾಗಿ ಕೆಲಸಕ್ಕೆ ಸೇರಿದಾಗ ಹಿರಿಯ ಮೇಸ್ತ್ರಿಯೊಬ್ಬರು ಬೈದು ಬೈದು ಕಲಿಸಿದ ಅಭ್ಯಾಸ ಅದು. ಬಕೇಟಿನಿಂದ ನೀರೆತ್ತುತ್ತಿರುವಾಗ ತಲೆಯ ಮೇಲೆ ಎಲ್ಲಿಯೋ ಲಿಫ್ಟಿನ ಫ್ಯಾನು ಗುಂಯ್ ಎಂದು ತಿರುಗಿದ ಸಪ್ಪಳ ಕೇಳಿತು. ತಾವು ತೆಗೆದು ಬಂದ ಮೇನ್ ಸ್ವಿಚ್ಚನ್ನು ಯಾರೋ ಹಾಕಿದ್ದರು. ಲಿಫ್ಟು ಇಳಿಯಲಿಲ್ಲ. ಇಳಿಯದೆ ಇದ್ದುದು ಆ ಕೆಂಪು ಗುಂಡಿಯೊಂದರ ಪುಣ್ಯದಿಂದ.

ಅವರು ಮೇಲೆ ಹತ್ತಿ ಬಂದರು. ಮೀಟರು ಕೋಣೆಯ ಮುಂದೆ ವಾಚಮನ್ ನಿಂತಿದ್ದ. ಐವತ್ತು ದಾಟಿದ ಮನುಷ್ಯ. ನಮ್ಮ ಸದಸ್ಯರು ಮೈ ನಡುಗುತ್ತಿದ್ದ ಸಿಟ್ಟಿನಲ್ಲಿ ಮರಾಠಿಯಲ್ಲಿಯೂ ಹಿಂದಿಯಲ್ಲಿಯೂ ಬಾಯಿಗೆ ಬಂದಂತೆ ಅಂದರು; ಆಡಬಾರದ ಮಾತನ್ನೂ ಆಡಿದರೆಂದು ತಾವೇ ಒಪ್ಪಿಕೊಂಡರು. ಆ ಮನುಷ್ಯ ಗುಂಡಿಯ ಕಡೆ ನೋಡಿದ, ಇವರ ಒದ್ದೆ ಬಟ್ಟೆಯನ್ನು ನೋಡಿದ. ಗೋಡೆಗೆ ಒರಗಿ ಕುಕ್ಕರಿಸಿ, "ಯಪ್ಪಾ, ಎಂಥಾ ಪಾಪ ಆಗತಿತ್ತೋ ನನ್ನ ಕೈಯಿಂದ" ಎಂದ.

ಕನ್ನಡ ಕೇಳಿದೊಡನೆ ಇವರ ನಾಲಗೆ ಕಟ್ಟಿತು. "ಕಾಕಾ, ಯಾವೂರ್ರೀ ನಿಮ್ಮದು?" ಎಂದರು. ಯಾದಗಿರಿಯ ಕಡೆಯವನಂತೆ. ಕಟ್ಟಡ ಕಟ್ಟುವಾಗ ಗೌಂಡಿಗಳ ಕೈಕೆಳಗೆ ಕಲ್ಲು ಮಣ್ಣು ಹೊತ್ತವನು, ಕಟ್ಟಿ ಮುಗಿದ ಮೇಲೆ ಅಲ್ಲಿಯೇ ವಾಚಮನ್ ಆಗಿ ಉಳಿದ. ಜಿನೆಯ ಕೆಳಗಿನ ಒಂದು ಕೋಣೆಯಲ್ಲಿ ಗಂಡ ಹೆಂಡತಿಯ ಸಂಸಾರ. ಅವನು ಹೇಳಿದುದಿಷ್ಟು:

"ಮೂರನೇ ಮಾಳಗಿ ಬಾಯಾರು ಫೋನ್ ಮಾಡಿದ್ರು ತಮ್ಮಾ. ಲಿಫ್ಟ್ ಯಾಕ ಬಂದದ, ನಮ್ಮತ್ತಿ ಕೆಳಗ ನಿಂತಾಳ ಅಂದ್ರು. ನಾ ಬಂದು ನೋಡಿದ್ರ ಬಟನ್ ಬಿದ್ದದ. ಕರೆಂಟಿಗಿ ಬಿದ್ದದ ಅಂತ ತಿಳದು ಹಚ್ಚಿದೆ. ಈ ಹಲಗಿ ಮ್ಯಾಲ ಏನ್ ಬರದದ ಅಂತ ನನಗೇನ್ ತಿಳೀತದ?"

ಹಲಗೆಯ ಮೇಲೆ ಬರೆದುದು ಇಂಗ್ಲಿಷಿನಲ್ಲಿ.

ಮಾತು ಮುಂದುವರಿದಾಗ ಇನ್ನೊಂದು ಸಂಗತಿ ಹೊರಬಿದ್ದಿತು. ವಾಚಮನ್ನನ ನಡುವಿಗೆ ನೇತಾಡುತ್ತಿದ್ದ ಗೊಂಚಲಿನಲ್ಲಿ ಪಂಪಿನ ಕೋಣೆಯ ಕೀಲಿ, ಗಚ್ಚಿಯ ಕೀಲಿ, ಗೇಟಿನ ಕೀಲಿ ಇವುಗಳ ಜೊತೆಗೆ ಲಿಫ್ಟಿನ ಹೊರಬಾಗಿಲು ತೆರೆಯುವ ಮೂರು ಮೂಲೆಯ ಕೀಲಿಯೂ ಇತ್ತು. ಎರಡು ತಿಂಗಳ ಹಿಂದೆ ಲಿಫ್ಟು ಎರಡನೆಯ ಮತ್ತು ಮೂರನೆಯ ಮಹಡಿಗಳ ನಡುವೆ ನಿಂತಾಗ, ಒಳಗೆ ಸಿಕ್ಕಿದ್ದ ಹುಡುಗನೊಬ್ಬನನ್ನು ಅವನೇ ಆ ಕೀಲಿಯಿಂದ ಬಾಗಿಲು ತೆಗೆದು ಕೆಳಕ್ಕೆ ಜಿಗಿಸಿಕೊಂಡಿದ್ದ. ಸೊಸಾಯಿಟಿಯವರು ಅವನನ್ನು ಹೊಗಳಿ ನೂರು ರೂಪಾಯಿ ಬಕ್ಷೀಸು ಕೊಟ್ಟಿದ್ದರು. ನಡುವೆ ನಿಂತ ಲಿಫ್ಟಿನ ತಳಕ್ಕೂ ಮಹಡಿಯ ನೆಲಕ್ಕೂ ಮಧ್ಯೆ ಎಷ್ಟು ಸಂದು ತೆರೆದಿರುತ್ತದೆ, ಜಿಗಿದ ಹುಡುಗ ಹಿಂದಕ್ಕೆ ಒಂದು ಹೆಜ್ಜೆ ಜೋಲಿ ಹೊಡೆದಿದ್ದರೆ ಆ ಸಂದಿನಿಂದ ಬಾವಿಯಂಥ ಶಾಫ್ಟಿನೊಳಗೆ ಎಲ್ಲಿಗೆ ಬೀಳುತ್ತಿದ್ದ ಎಂಬುದು ಹೊಗಳಿದವರಿಗೂ ಗೊತ್ತಿರಲಿಲ್ಲ, ಹೊಗಳಿಸಿಕೊಂಡವನಿಗೂ ಗೊತ್ತಿರಲಿಲ್ಲ.

ನಮ್ಮ ಸದಸ್ಯರು ಇವೆಲ್ಲವನ್ನೂ ಸೆಕ್ರೆಟರಿಯವರಿಗೆ ತಿಳಿಸಿದರು. ವಾಚಮನ್ನನಿಗೆ ಕಲಿಸಬೇಕೆಂಬುದು ಅವರ ಉದ್ದೇಶ. ಕಮಿಟಿಯವರು ಸಭೆ ಸೇರಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿಲ್ಲ. ವಾಚಮನ್ನನನ್ನು ಕೆಲಸದಿಂದ ತೆಗೆದರು. ಎರಡು ದಿನದಲ್ಲಿ ಕೋಣೆ ಖಾಲಿ ಮಾಡಿಸಿದರು. ಮುಂದಿನ ತಿಂಗಳು ಸರ್ವಿಸಿಗೆಂದು ನಮ್ಮ ಸದಸ್ಯರು ಹೋದಾಗ ಗೇಟಿನಲ್ಲಿ ಏಜೆನ್ಸಿಯಿಂದ ಬಂದ ಹೊಸ ಹುಡುಗ ಸಮವಸ್ತ್ರ ತೊಟ್ಟು ನಿಂತಿದ್ದ. ಮರಾಠವಾಡೆಯ ಕಡೆಯವನು. ಅವನ ನಡುವಿಗೆ ಅದೇ ಗೊಂಚಲು. ಗೊಂಚಲಿನಲ್ಲಿ ಅದೇ ಮೂರು ಮೂಲೆಯ ಕೀಲಿ. "ದಾದಾ, ಇದು ಯಾವುದರ ಕೀಲಿ?" ಎಂದು ಅವನೇ ಕೇಳಿದನಂತೆ.

ಕಾವಲುಗಾರ ಬದಲಾದ, ಅಜ್ಞಾನ ಬದಲಾಗಲಿಲ್ಲ. ನಾವು ಹೇಳಬೇಕಾದುದರ ಸಾರವೆಲ್ಲ ಈ ಒಂದು ಮಾತಿನಲ್ಲಿದೆ.

ಲಿಫ್ಟು ಮೆಕ್ಯಾನಿಕ್ಕರು ಒಟ್ಟಿಗೆ ಸೇರಿದಾಗ ವಾಚಮನ್ನರ ದಡ್ಡತನದ ಕತೆಗಳಿಗೆ ಕೊರತೆಯಿಲ್ಲ. ಬಾಗಿಲು ಮುಚ್ಚದಂತೆ ಇಟ್ಟಿಗೆ ಇಟ್ಟವನು, ಹಬ್ಬದ ಮುಂಚೆ ಪೈಪು ಹಿಡಿದು ಜಿನೆ ತೊಳೆದು ಆ ನೀರನ್ನೆಲ್ಲ ಲಿಫ್ಟಿನ ಹೊಸ್ತಿಲಿನಿಂದ ಒಳಗೆ ದೂಡಿದವಳು, ಮಿಷಿನ್ ರೂಮಿನಲ್ಲಿ ಗಣಪತಿಯ ಮಂಟಪವನ್ನೂ ಹಳೆಯ ಬಣ್ಣದ ಡಬ್ಬಿಗಳನ್ನೂ ತುಂಬಿಟ್ಟವನು, ನೆಲಹಾಸಿನ ಕಲ್ಲುಗಳನ್ನು ಒಂದೇ ಸಲಕ್ಕೆ ಹೇರಿದವನು. ನಾವೂ ಈ ಕತೆಗಳನ್ನು ಕೇಳಿ ನಕ್ಕಿದ್ದೇವೆ. ಈಗ ನಗು ಬರುವುದಿಲ್ಲ. ತಿಳಿಯದವನು ಮಾಡಿದ ತಪ್ಪಿಗೆ ನಗುವ ಮೊದಲು, ಅವನಿಗೆ ತಿಳಿಸಬೇಕಾದವರು ಯಾರು, ತಿಳಿಸಿದರೇ ಎಂದು ಕೇಳುವುದು ನ್ಯಾಯ.

ಹಿಂದೆ ಮುಂಬಯಿ ಪುಣೆಗಳ ಹಳೆಯ ಕಟ್ಟಡಗಳಲ್ಲಿ ಲಿಫ್ಟ್‌ಮನ್ ಎಂಬೊಬ್ಬ ಇರುತ್ತಿದ್ದ. ಒಳಗೊಂದು ಸ್ಟೂಲು, ಕೈಯಿಂದ ಸರಿಸುವ ಜಾಳಿಗೆಯ ಬಾಗಿಲು. ಯಾವ ಮಹಡಿಯಲ್ಲಿ ಲಿಫ್ಟು ಒಂದು ಬೆರಳು ಮೇಲೆ ನಿಲ್ಲುತ್ತದೆ, ಯಾವ ಬಾಗಿಲು ಬಿಗಿ, ಯಾವ ಸಪ್ಪಳ ಹೊಸದು ಎಂಬುದು ಅವನಿಗೆ ಗೊತ್ತಿತ್ತು. ಮೆಕ್ಯಾನಿಕ್ ಬಂದರೆ ಮೊದಲು ಮಾತಾಡುತ್ತಿದ್ದುದು ಅವನೊಡನೆ. ತಾನಾಗಿ ತೆರೆದು ಮುಚ್ಚುವ ಬಾಗಿಲು ಬಂದಿತು. ಗುಂಡಿ ಒತ್ತುವುದನ್ನು ಮಕ್ಕಳೂ ಬಲ್ಲರು, ಅವನೇಕೆ ಬೇಕು ಎಂದು ಹೆಚ್ಚಿನ ಕಡೆ ಅವನನ್ನು ಬಿಡಿಸಿದರು. ಸಂಬಳ ಉಳಿಯಿತು. ಅವನ ಕೆಲಸದಲ್ಲಿ ಉಳಿದ ಭಾಗ, ಅಂದರೆ ಲಿಫ್ಟು ನಿಂತಾಗ ಓಡಿಹೋಗುವುದು, ಒಳಗಿನವರಿಗೆ ಧೈರ್ಯ ಹೇಳುವುದು, ಕೀಲಿ ಕಾಯುವುದು, ಇವೆಲ್ಲ ಸದ್ದಿಲ್ಲದೆ ವಾಚಮನ್ನನ ಹೆಗಲಿಗೆ ಬಿದ್ದವು. ಗೇಟು, ಪಂಪು, ಜನರೇಟರು, ಪಾರ್ಸೆಲು, ಕಾರು ತೊಳೆಯುವುದು ಇವುಗಳ ಸಾಲಿನಲ್ಲಿ ಲಿಫ್ಟೂ ಒಂದಾಯಿತು. ಹೊರೆ ವರ್ಗವಾಯಿತು; ಅದರ ಜೊತೆಗೆ ವಿದ್ಯೆ ವರ್ಗವಾಗಲಿಲ್ಲ.

ಲಿಫ್ಟು ಜನರ ನಂಬಿಕೆಯನ್ನು ಗಳಿಸಿದ್ದೇ ತೋರಿಸಿ ಹೇಳಿದುದರಿಂದ ಎಂಬುದನ್ನು ಇಲ್ಲಿ ನೆನೆಯಬೇಕು. 1854ರಲ್ಲಿ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ಎಲಿಷಾ ಓಟಿಸ್ ಎಂಬಾತ ತಾನೇ ಲಿಫ್ಟಿನ ಹಲಗೆಯ ಮೇಲೆ ನಿಂತು, ನೆರೆದ ಜನರೆದುರಿಗೆ ಮೇಲಿನ ಹಗ್ಗವನ್ನು ಕಡಿಸಿದ. ಹಲಗೆ ತುಸುವೇ ಇಳಿದು, ಹಳಿಯನ್ನು ಕಚ್ಚಿ ನಿಂತಿತು. ಜನ ನಂಬಿದರು. ಮೂರು ವರ್ಷಗಳ ಮೇಲೆ, 1857ರಲ್ಲಿ, ಅದೇ ಊರಿನ ಒಂದು ಅಂಗಡಿಯಲ್ಲಿ ಮನುಷ್ಯರನ್ನು ಹೊರುವ ಲಿಫ್ಟನ್ನು ಆತ ಕೂಡಿಸಿದ. ಯಂತ್ರ ಕಟ್ಟಿದವನೇ ಜನರೆದುರು ನಿಂತು ಕಲಿಸಿದ ಆ ಪಾಠವನ್ನು ನಮ್ಮ ಕಟ್ಟಡಗಳ ಗೇಟಿನಲ್ಲಿ ನಿಂತವನಿಗೆ ಯಾರೂ ಕಲಿಸಿಲ್ಲವೆಂಬುದು ವಿಷಾದದ ಸಂಗತಿ.

ಹಾಗಾದರೆ ಅವನಿಗೆ ತಿಳಿಸಬೇಕಾದುದೆಷ್ಟು? ಮೆಕ್ಯಾನಿಕ್ಕನ ವಿದ್ಯೆಯೆಲ್ಲ ಬೇಡ. ಅರ್ಧ ಗಂಟೆಯಲ್ಲಿ ಹೇಳಿ ಮುಗಿಸುವ ಕೆಲವೇ ಮಾತುಗಳು ಸಾಕು. ಈ ಪತ್ರಿಕೆಯನ್ನೋದುವ ವಾಚಮನ್ ಬಂಧುಗಳೂ ಇರುವುದರಿಂದ ಅವನ್ನು ಇಲ್ಲಿಯೇ ಬರೆಯುತ್ತೇವೆ.

ಲಿಫ್ಟು ಬಾವಿಯ ರಾಟೆಯಂತೆ. ಹಗ್ಗದ ಒಂದು ತುದಿಗೆ ಜನ ನಿಲ್ಲುವ ಪೆಟ್ಟಿಗೆ, ಇನ್ನೊಂದು ತುದಿಗೆ ಭಾರದ ಕಲ್ಲು ಅಥವಾ ಕಬ್ಬಿಣ. ಈ ಭಾರ ಖಾಲಿ ಪೆಟ್ಟಿಗೆಗಿಂತ ಹೆಚ್ಚು. ಲಿಫ್ಟು ಹೊರಬಹುದಾದ ತೂಕದಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟನ್ನು ಅದಕ್ಕೆ ಕೂಡಿಸಿರುತ್ತಾರೆ. ನಮ್ಮಲ್ಲಿ ಒಬ್ಬ ಮನುಷ್ಯನಿಗೆ 68 ಕಿಲೋ ಎಂದು ಲೆಕ್ಕ ಹಿಡಿದು ಆರು ಮಂದಿಯ ಲಿಫ್ಟಿಗೆ 408 ಕಿಲೋ ಎಂದು ಬರೆಯುವುದುಂಟು. ಅಂಥ ಲಿಫ್ಟಿನಲ್ಲಿ ಎದುರು ಭಾರವು ಖಾಲಿ ಪೆಟ್ಟಿಗೆಗಿಂತ ಸುಮಾರು ಇನ್ನೂರು ಕಿಲೋ ಹೆಚ್ಚಿದ್ದೀತು. ಆದುದರಿಂದ ಒಳಗೆ ಒಬ್ಬರೋ ಇಬ್ಬರೋ ಇರುವಾಗ ಬ್ರೇಕು ಸಡಿಲಿಸಿದರೆ ಪೆಟ್ಟಿಗೆ ಕೆಳಗೆ ಬರುವುದಿಲ್ಲ, ಮೇಲಕ್ಕೆ ಹಾರುತ್ತದೆ. ಇದನ್ನು ತಿಳಿಯದೆ ಮಿಷಿನ್ ರೂಮಿನಲ್ಲಿ ಬ್ರೇಕಿಗೆ ಕೈ ಹಾಕುವುದು ಬೆಂಕಿಗೆ ಕೈ ಹಾಕಿದ ಹಾಗೆ.

ಲಿಫ್ಟು ನಡುವೆ ನಿಂತರೆ ಒಳಗಿನವರು ಉಸಿರು ಕಟ್ಟಿ ಸಾಯುತ್ತಾರೆಂಬ ಭಯ ಬಹಳ ಜನಕ್ಕಿದೆ. ಪೆಟ್ಟಿಗೆ ಗಾಳಿ ಆಡದಂತೆ ಮುಚ್ಚಿದ ಡಬ್ಬಿಯಲ್ಲ. ಸಂದುಗಳಿಂದ ಗಾಳಿ ಬರುತ್ತಲೇ ಇರುತ್ತದೆ. ಹಗ್ಗ ಕಡಿದು ಬೀಳುವುದೆಂಬ ಭಯವೂ ಉಂಟು. ಅದನ್ನು ಹೊತ್ತಿರುವುದು ಒಂದೇ ಹಗ್ಗವಲ್ಲ, ಹಲವು ಉಕ್ಕಿನ ಹಗ್ಗಗಳು. ಮಿತಿ ಮೀರಿ ವೇಗ ಹೆಚ್ಚಿದರೆ ಗವರ್ನರೆಂಬ ಉಪಕರಣ ಎಳೆದು, ಪೆಟ್ಟಿಗೆ ಹಳಿಯನ್ನು ಕಚ್ಚಿ ನಿಲ್ಲುವ ವ್ಯವಸ್ಥೆಯೂ ಇದೆ. ಆದುದರಿಂದ ನಿಂತ ಲಿಫ್ಟಿನೊಳಗೆ ಇರುವವರು ಅಲ್ಲಿಯೇ ಇರುವುದು ಕ್ಷೇಮ. ಅವಸರಪಟ್ಟು ಹೊರಗೆ ಬರುವಾಗಲೇ ಪ್ರಾಣಕ್ಕೆ ಸಂಚಕಾರ. ವಾಚಮನ್ ಮಾಡತಕ್ಕದ್ದಿಷ್ಟೆ: ಅವರೊಡನೆ ಮಾತಾಡಬೇಕು, ಬಾಗಿಲು ಒತ್ತಬೇಡಿರೆಂದು ಹೇಳಬೇಕು, ಕಂಪನಿಗೆ ಫೋನು ಮಾಡಬೇಕು, ತೀರ ತುರ್ತಾದರೆ 101ಕ್ಕೋ 112ಕ್ಕೋ ಕರೆಯಬೇಕು, ಮೆಕ್ಯಾನಿಕ್ ಬರುವವರೆಗೆ ಅಲ್ಲಿಂದ ಕದಲಬಾರದು. ಬರಿಯ ಮನುಷ್ಯ ಧ್ವನಿಯೊಂದು ಹೊರಗಿನಿಂದ ಕೇಳುತ್ತಿದ್ದರೆ ಒಳಗಿನವರ ಎದೆ ಅರ್ಧ ಹಗುರಾಗುತ್ತದೆ.

ಮೂರು ಮೂಲೆಯ ಕೀಲಿ ಕಲಿತವರ ಕೈಯಲ್ಲಿ ಮಾತ್ರ ಇರತಕ್ಕದ್ದು. ಆ ಕೀಲಿಯಿಂದ ತೆರೆದ ಬಾಗಿಲಿನ ಹಿಂದೆ ಲಿಫ್ಟು ಇದ್ದೇ ಇರುತ್ತದೆಂಬ ಭರವಸೆಯಿಲ್ಲ. ಕತ್ತಲೆಯಲ್ಲಿ ಇದೆಯೆಂದು ತಿಳಿದು ಕಾಲಿಟ್ಟವರು ಮರಳಿ ಬಂದಿಲ್ಲ. ಮೇನ್ ಸ್ವಿಚ್ಚು ಬಿದ್ದಿದ್ದರೆ, ಯಾರು ತೆಗೆದರೆಂದು ತಿಳಿಯುವವರೆಗೆ ಅದನ್ನು ಹಾಕಬಾರದು. ಕರೆಂಟು ಹೋದಾಗ ಬ್ಯಾಟರಿಯ ಬಲದಿಂದ ಹತ್ತಿರದ ಮಹಡಿಗೆ ತಾನಾಗಿ ಸರಿಯುವ ಲಿಫ್ಟುಗಳು ಈಗ ಬಂದಿವೆ. ಆದುದರಿಂದ ಕರೆಂಟಿಲ್ಲ, ಇನ್ನು ಅಲುಗಾಡದು ಎಂದು ನಂಬಲಾಗದು. ನೀರು ಶಾಫ್ಟಿಗೆ ಇಳಿಯಬಾರದು. ಬೆಂಕಿ ಬಿದ್ದರೆ ಜಿನೆಯೇ ದಾರಿ. ಇಷ್ಟು ಮಾತನ್ನು ಒಂದು ಸಲ ತೋರಿಸಿ ಹೇಳಿದರೆ ಅಕ್ಷರ ಬಾರದವನೂ ಮರೆಯುವುದಿಲ್ಲ. ಹೊಲದಲ್ಲಿ ಹಾವಿನ ಬಿಲ ಎಲ್ಲಿದೆ ಎಂದು ಬಲ್ಲ ರೈತನ ಮಗನಿಗೆ ಇದು ಕಷ್ಟದ ಪಾಠವಲ್ಲ.

ಇನ್ನು ಹೊಣೆಯ ಮಾತು. ಈ ರಾಜ್ಯದಲ್ಲಿ ಲಿಫ್ಟುಗಳಿಗೆ ಕಾಯದೆ ಬಂದು ಬಹುಕಾಲವಾಯಿತು. 1939ರ ಮುಂಬಯಿ ಲಿಫ್ಟು ಕಾಯದೆಯ ಸ್ಥಾನದಲ್ಲಿ 2017ರ ಮಹಾರಾಷ್ಟ್ರ ಕಾಯದೆ ಬಂದಿದೆ. ಅದರಲ್ಲಿ ಲಿಫ್ಟಿನ ಜೊತೆಗೆ ಎಸ್ಕಲೇಟರುಗಳೂ ಸೇರಿವೆ. ಕರ್ನಾಟಕದಲ್ಲಿ 1974ರದೊಂದು ಕಾಯದೆಯಿದ್ದು, ಅನಂತರ 2012ರ ಕಾಯದೆ ಬಂದಿತು. ಲೈಸೆನ್ಸು ಬೇಕು, ತಪಾಸಣೆ ಆಗಬೇಕು. ಈ ಕಾಯದೆಗಳ ಕಣ್ಣಿಗೆ ಲಿಫ್ಟಿನ ಒಡೆಯರು ಕಟ್ಟಡದವರೇ ಹೊರತು ಗೇಟಿನಲ್ಲಿ ನಿಂತವನಲ್ಲ. "ವರ್ಷದ ಕಾಂಟ್ರಾಕ್ಟು ಕೊಟ್ಟಿದ್ದೇವೆ, ಇನ್ನು ನಮಗೇನು" ಎನ್ನುವ ಕಮಿಟಿಗಳು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಕಾಂಟ್ರಾಕ್ಟಿನ ಮೆಕ್ಯಾನಿಕ್ ತಿಂಗಳಿಗೆ ಒಂದು ಗಂಟೆ ಬಂದು ಹೋಗುತ್ತಾನೆ. ಉಳಿದ ಹೊತ್ತೆಲ್ಲ ಆ ಯಂತ್ರದ ಬಳಿ ಇರುವವನು ವಾಚಮನ್. ಅವನನ್ನು ಕುರುಡನಾಗಿ ಇಟ್ಟು ಲಿಫ್ಟನ್ನು ಸುಸ್ಥಿತಿಯಲ್ಲಿಟ್ಟಿದ್ದೇವೆ ಎನ್ನುವುದು ಅರ್ಧ ಸತ್ಯ.

ಏಜೆನ್ಸಿಗಳಿಗೂ ಒಂದು ಮಾತು. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯದೆಯ ಪ್ರಕಾರ ತರಬೇತಿಯಿಲ್ಲದವನನ್ನು ಕಾವಲಿಗೆ ನಿಲ್ಲಿಸುವಂತಿಲ್ಲ. ಕೇಂದ್ರದ ಮಾದರಿ ನಿಯಮಗಳು ಅದಕ್ಕೆ ತರಗತಿಯಲ್ಲಿ 100 ಗಂಟೆ, ಹೊರಗೆ 60 ಗಂಟೆ ಎಂದು ಗೊತ್ತುಮಾಡಿವೆ. ಈ 160 ಗಂಟೆಗಳಲ್ಲಿ ಅರ್ಧ ಗಂಟೆಯನ್ನು, ಅವನು ಕಾಯಲಿರುವ ಕಟ್ಟಡದ ಲಿಫ್ಟಿನ ಎದುರಿಗೇ ನಿಲ್ಲಿಸಿ ಕಳೆದರೆ ಯಾರಿಗೂ ನಷ್ಟವಿಲ್ಲ. ಆದರೆ ಜಿನೆಯ ಕೆಳಗಿನ ಕೋಣೆಯಲ್ಲಿ ಸಂಸಾರ ಹೂಡಿ, ನೇರವಾಗಿ ಸೊಸಾಯಿಟಿಯಿಂದಲೇ ಸಂಬಳ ಪಡೆಯುವ ಬಡವನಿಗೆ ಆ 160 ಗಂಟೆಯ ನೆರಳೂ ಬೀಳುವುದಿಲ್ಲ. ನಮ್ಮ ಯಾದಗಿರಿಯ ಹಿರಿಯ ಅಂಥವನು. ಇಂಥವರಿಗೆ ಕಲಿಸುವವರು ಇಬ್ಬರೇ: ಅವರನ್ನು ಇಟ್ಟುಕೊಂಡ ಕಮಿಟಿ, ಮತ್ತು ತಿಂಗಳಿಗೊಮ್ಮೆ ಆ ಗೇಟಿನಿಂದ ಒಳಗೆ ಹೋಗುವ ನಮ್ಮ ಮೆಕ್ಯಾನಿಕ್.

ಪರರ ತಪ್ಪನ್ನು ಎಣಿಸಿದ ಮೇಲೆ ನಮ್ಮ ಮನೆಯ ಕಡೆಗೂ ನೋಡಬೇಕಾಗುತ್ತದೆ. ನಮ್ಮ ಸದಸ್ಯರು ಆ ದಿನ ಮೇನ್ ಸ್ವಿಚ್ಚಿಗೆ ಬೀಗ ಹಾಕಿರಲಿಲ್ಲ. ಬೀಗ ಅವರ ಚೀಲದಲ್ಲಿಯೇ ಇತ್ತು. ಹತ್ತು ನಿಮಿಷದ ಕೆಲಸವೆಂದು ಹಲಗೆಯನ್ನಷ್ಟೆ ತೂಗುಹಾಕಿದರು. ಬಂದೊಡನೆ ವಾಚಮನ್ನನನ್ನು ಕರೆದು, "ನಾನು ಒಳಗೆ ಇಳಿಯುತ್ತೇನೆ, ಹೊರಗೆ ಬಂದು ಹೇಳುವವರೆಗೆ ಯಾರೂ ಸ್ವಿಚ್ಚು ಮುಟ್ಟಬಾರದು" ಎಂದು ಹೇಳಲಿಲ್ಲ. ಇದನ್ನು ಅವರೇ ತಲೆ ತಗ್ಗಿಸಿ ನಮ್ಮೆದುರಿಗೆ ಹೇಳಿದರು. ಅವರ ಪ್ರಾಮಾಣಿಕತೆಗಾಗಿ ನಾವು ಅವರನ್ನು ಗೌರವಿಸುತ್ತೇವೆ. ಆದರೆ ಇದು ಅವರೊಬ್ಬರ ರೂಢಿಯಲ್ಲ. ವಿದ್ಯೆ ಕಲಿತ ಕೈಗೆ ಒಂದು ಬಗೆಯ ಬಿಂಕ ಬರುತ್ತದೆ. ಗೇಟಿನಲ್ಲಿ ನಿಂತವನು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಅಡ್ಡ ಬಂದಾಗ ಮಾತ್ರ ಬೀಳುತ್ತಾನೆ, ಆಗ ಬೈಗುಳವೇ ಮೊದಲ ಮಾತು. ಬೈಸಿಕೊಂಡವನು ಹೆದರುತ್ತಾನೆ, ಕಲಿಯುವುದಿಲ್ಲ. ಹೆದರಿದವನು ಮುಂದಿನ ಸಲ ತಪ್ಪನ್ನು ಮುಚ್ಚಿಡುತ್ತಾನೆ, ಅದು ಮೊದಲನೆಯದಕ್ಕಿಂತ ದೊಡ್ಡ ಅಪಾಯ. ಮೆಕ್ಯಾನಿಕ್ಕನ ಪ್ರಾಣ ಅರ್ಧ ಅವನ ಉಪಕರಣಗಳಲ್ಲಿದ್ದರೆ ಇನ್ನರ್ಧ ಮೀಟರು ಕೋಣೆಯ ಹತ್ತಿರ ನಿಂತ ಆ ಮನುಷ್ಯನ ಕೈಯಲ್ಲಿದೆ. ಪ್ರಾಣವನ್ನು ಯಾರ ಕೈಯಲ್ಲಿ ಕೊಟ್ಟಿದ್ದೇವೆಯೋ ಅವನ ಹೆಸರನ್ನಾದರೂ ಕೇಳಿ ತಿಳಿದಿರಬೇಡವೇ?

ಕಂಪನಿಗಳ ವಿಷಯದಲ್ಲಿ ನಮ್ಮ ಬೇಡಿಕೆ ಮೂರು. ಮೊದಲನೆಯದು, ಗುಂಡಿಯೊಳಗೆ ಅಥವಾ ಪೆಟ್ಟಿಗೆಯ ತಲೆಯ ಮೇಲೆ ನಿಂತು ಮಾಡುವ ಕೆಲಸಕ್ಕೆ ಒಬ್ಬನನ್ನೇ ಬಿಡಬಾರದು. ಜೊತೆಗಾರನನ್ನು ನಡುವೆ ಬೇರೆ ಕಡೆ ಕರೆದೊಯ್ಯಬಾರದು. ಎರಡನೆಯದು, ಎಚ್ಚರಿಕೆಯ ಹಲಗೆಗಳು ಓದುವವನ ಭಾಷೆಯಲ್ಲಿರಬೇಕು. ಓದಲು ಬಾರದವನಿಗೂ ತಿಳಿಯುವಂತೆ ಚಿತ್ರವಿರಬೇಕು. ಮಹಾರಾಷ್ಟ್ರದಲ್ಲಿ ಮರಾಠಿ ಇರಲಿ, ಹಿಂದಿ ಇರಲಿ. ನಮ್ಮವರು ಹೆಚ್ಚಾಗಿರುವ ಕಡೆ ಕನ್ನಡವೂ ಒಂದು ಸಾಲು ಇದ್ದರೆ ಹಲಗೆ ಭಾರವಾಗುವುದಿಲ್ಲ. ಮೂರನೆಯದು, ಕಟ್ಟಡದ ಸಿಬ್ಬಂದಿಗೆ ತಿಳಿಸಿಹೇಳಲು ಮೆಕ್ಯಾನಿಕ್ ಕಳೆಯುವ ಅರ್ಧ ಗಂಟೆಯನ್ನು ಕೆಲಸದ ಹೊತ್ತೆಂದೇ ಎಣಿಸಬೇಕು. ದಿನಕ್ಕೆ ಇಷ್ಟು ಕಟ್ಟಡ ಮುಗಿಸಲೇಬೇಕೆಂದು ಲೆಕ್ಕ ಕೊಟ್ಟು, ಮೇಲೆ ಜನರಿಗೆ ತಿಳಿವಳಿಕೆಯನ್ನೂ ಕೊಡು ಎಂದರೆ ಅದು ಅಡ್ಡಗೋಡೆಯ ಮೇಲೆ ದೀಪವಿಟ್ಟ ಮಾತಾಗುತ್ತದೆ.

ಸಂಘದ ಕಡೆಯಿಂದಲೂ ಒಂದು ತಪ್ಪಾಗಿದೆ. ಯಾದಗಿರಿಯ ಆ ದಂಪತಿಗಳನ್ನು ಹೊರಹಾಕಿದ ಸುದ್ದಿ ನಮಗೆ ತಿಳಿದಾಗ ತಿಂಗಳು ಕಳೆದಿತ್ತು. ಅವರು ಎಲ್ಲಿಗೆ ಹೋದರೆಂದು ಆ ಕಟ್ಟಡದವರನ್ನು ಕೇಳಿದೆವು. ಯಾರೂ ಹೇಳಲಾರದೆ ಹೋದರು. ಅವರು ನಮ್ಮ ಸದಸ್ಯರಾಗಿರಲಿಲ್ಲ. ಹೊರನಾಡಿಗೆ ಬಂದ ಕನ್ನಡ ದುಡಿಮೆಗಾರರೆಲ್ಲರ ಸಂಘವೆಂದು ಹೇಳಿಕೊಳ್ಳುವ ನಾವು ದಿವೇಘಾಟಿನ ಆಚೆಗೆ ಕಣ್ಣು ಹಾಯಿಸಿರಲಿಲ್ಲ. ಕೈಯಲ್ಲಿ ಕಸುಬಿದ್ದವರು ಸಂಘಕ್ಕೆ ಬರುತ್ತಾರೆ. ಕೈಯಲ್ಲಿ ಕೀಲಿಗೊಂಚಲು ಮಾತ್ರ ಇರುವವರು ಬರುವುದಿಲ್ಲ. ಈ ಸಂಚಿಕೆ ಹೇಗಾದರೂ ಅವರ ಕೈ ಸೇರಿದರೆ, ಅಥವಾ ಅವರನ್ನು ಬಲ್ಲವರು ಇದನ್ನೋದಿದರೆ, ಸಂಘದ ಬಾಗಿಲು ತೆರೆದಿದೆಯೆಂದು ತಿಳಿಸಬೇಕಾಗಿ ವಿನಂತಿ.

ಮುಂಬಯಿಯಲ್ಲಿ ನಮ್ಮ ಹಿರಿಯರು ಹಗಲೆಲ್ಲ ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಗಳಲ್ಲಿ ಕುಳಿತು ಅಕ್ಷರ ಕಲಿತರು. ಕಲಿತವನು ಮರುವರ್ಷ ಇನ್ನೊಬ್ಬನನ್ನು ಕೈಹಿಡಿದು ಕರೆತಂದ. ಹೊರನಾಡ ಕನ್ನಡಿಗರು ಮೇಲೆ ಬಂದುದು ಆ ಮೆಟ್ಟಿಲಿನಿಂದ. ಅದಕ್ಕೆ ಯಾವ ಲಿಫ್ಟೂ ಇರಲಿಲ್ಲ. ಅದೇ ಪದ್ಧತಿಯನ್ನು ಈ ಸಣ್ಣ ಕೆಲಸಕ್ಕೂ ತರಬೇಕೆಂದು ನಮ್ಮ ಅಭಿಪ್ರಾಯ. ತಿಂಗಳಿಗೊಂದು ಭಾನುವಾರ ಮುಂಜಾನೆ ಸಂಘದ ಕಚೇರಿಯಲ್ಲಿ ವಾಚಮನ್ನರಿಗೆ, ಕಟ್ಟಡ ಗುಡಿಸುವ ತಾಯಂದಿರಿಗೆ ಲಿಫ್ಟಿನ ಈ ನಾಲ್ಕು ಮಾತನ್ನು ತಿಳಿಸಲು ಒಂದು ತರಗತಿ ನಡೆಯಲಿ. ಕನ್ನಡದವರೇ ಬರಬೇಕೆಂದಿಲ್ಲ, ಮರಾಠಿಯವರಿಗೂ ಬಿಹಾರದವರಿಗೂ ಬಾಗಿಲು ಮುಚ್ಚಬಾರದು. ಗುಂಡಿಗೆ ಇಳಿದವನ ಮೇಲೆ ಬರುವ ಲಿಫ್ಟು ಅವನ ಭಾಷೆ ಕೇಳುವುದಿಲ್ಲ. ಕಲಿಸಲು ನಮ್ಮ ಮೆಕ್ಯಾನಿಕ್ ಬಂಧುಗಳು ಸರದಿಯಂತೆ ಮುಂದೆ ಬರಬೇಕು. ಮೊದಲ ಸರದಿಗೆ ಒಬ್ಬರು ಈಗಾಗಲೇ ಹೆಸರು ಕೊಟ್ಟಿದ್ದಾರೆ. ಅವರು ಯಾರೆಂದು ವಾಚಕರು ಊಹಿಸಬಲ್ಲರು.

ಸಾಸವಡದ ಆ ಕಟ್ಟಡದ ಕತೆಯಲ್ಲಿ ಹೇಳದೆ ಉಳಿದುದು ಇಷ್ಟು. ಹೊಸ ಹುಡುಗ ಮೂರು ಮೂಲೆಯ ಕೀಲಿಯ ವಿಷಯ ಕೇಳಿದಾಗ ನಮ್ಮ ಸದಸ್ಯರು ಚೀಲವನ್ನು ಕೆಳಗಿಟ್ಟು, ಅವನನ್ನು ಕರೆದುಕೊಂಡು ಎಲ್ಲ ಮಹಡಿಗಳನ್ನೂ ಹತ್ತಿ ಮಿಷಿನ್ ರೂಮು ತೋರಿಸಿದರು, ಕೆಳಗೆ ಬಂದು ಗುಂಡಿ ತೋರಿಸಿದರು. ಕೀಲಿಯನ್ನು ಗೊಂಚಲಿನಿಂದ ಬಿಡಿಸಿ ಸೆಕ್ರೆಟರಿಯವರ ಕೈಗೆ ಕೊಟ್ಟು, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡಿರೆಂದರು. ಅವರು ಮೊದಲು ಗೊಣಗಿದರು, ಆಮೇಲೆ ಇಟ್ಟರು. ಅದಾದ ಮೇಲೆ ಇವರು ಮೇನ್ ಸ್ವಿಚ್ಚಿಗೆ ಬೀಗ ಜಡಿದು, ಬೀಗದ ಕೈಯನ್ನು ತಮ್ಮ ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಇಳಿದರು. ಅವರು ಮೇಲೆ ಬರುವವರೆಗೆ ಆ ಹುಡುಗ, ಯಾರೂ ಹೇಳದೆಯೇ, ಮೀಟರು ಕೋಣೆಯ ಬಾಗಿಲಲ್ಲಿ ನಿಂತೇ ಇದ್ದನಂತೆ.

ಅದಕ್ಕೆ ಹಿಡಿದ ಹೊತ್ತು ಅರ್ಧ ಗಂಟೆ. ಆ ಅರ್ಧ ಗಂಟೆಯನ್ನು ಯಾರಾದರೊಬ್ಬರು ಒಂದು ತಿಂಗಳು ಮೊದಲೇ ಕೊಟ್ಟಿದ್ದರೆ ಯಾದಗಿರಿಯ ಹಿರಿಯ ಈಗಲೂ ಅದೇ ಗೇಟಿನಲ್ಲಿ ಇರುತ್ತಿದ್ದ.